ಚರ್ಮವಲ್ಲದ ಚರ್ಮಕ್ಕೆ ಕೊಬ್ಬರಿ ಎಣ್ಣೆ

ಮೊದಲು ತಪ್ಪೊಪ್ಪಿಗೆ. 2016ರ ಮೇ ತಿಂಗಳ ಒಂದು ಶನಿವಾರ, ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ವಯಸ್ಸಾದ ಒಬ್ಬರ ದೋಣಿಯ ಸೀಟುಗಳನ್ನು ನಾನು ಕೈಯಾರೆ ಹಾಳು ಮಾಡಿದೆ. ಹಾಳು ಮಾಡ್ತಿದೀನಿ ಅಂತ ಗೊತ್ತಿರಲಿಲ್ಲ. ತೊಳೀತಿದೀನಿ ಅಂದ್ಕೊಂಡಿದ್ದೆ.

ಕಂಪನಿ ನನ್ನನ್ನು ಆನ್‌ಸೈಟ್ ಅಂತ ಮಿನಿಯಾಪೊಲಿಸ್‌ಗೆ ಕಳಿಸಿತ್ತು. ಬಾಡಿಗೆಗೆ ಸಿಕ್ಕಿದ್ದು ಒಬ್ಬ ರಿಟೈರ್ಡ್ ಮೇಷ್ಟ್ರ ಮನೆಯ ಕೆಳಗಿನ ಎರಡು ರೂಮು. ಅವರಿಗೆ ಸೇಂಟ್ ಕ್ಲೌಡ್‌ ಆಚೆ ಒಂದು ಕೆರೆಯ ದಂಡೆಯಲ್ಲಿ ಸಣ್ಣ ಮರದ ಮನೆ, ಅದರ ಮುಂದೆ ಒಂದು ದೋಣಿ. ಸರೋವರ ಅನ್ನೋ ದೊಡ್ಡ ಮಾತು ನನಗೆ ಬರಲ್ಲ. ತಿಪಟೂರು ಕಡೆಯವನು ನಾನು, ನಿಂತ ನೀರೆಲ್ಲ ನನಗೆ ಕೆರೆಯೇ. ಆ ರಾಜ್ಯದವರ ಗಾಡಿಯ ನಂಬರ್ ಪ್ಲೇಟ್ ಮೇಲೆ ಹತ್ತು ಸಾವಿರ ಕೆರೆಗಳು ಅಂತ ಬರೆದಿರುತ್ತೆ. ಸರ್ಕಾರದ ಲೆಕ್ಕದಲ್ಲಿ, ಹತ್ತು ಎಕರೆಗಿಂತ ದೊಡ್ಡವು 11,842. ನಮ್ಮ ಕಡೆ ಕೆರೆ ಒತ್ತುವರಿ ಮಾಡ್ತಾರೆ, ಅಲ್ಲಿ ಕೆರೆಯ ಮೇಲೆ ಸೋಫಾ ಹಾಕ್ಕೊಂಡು ಕೂರ್ತಾರೆ.

ಸೋಫಾ ಅಂದಿದ್ದು ತಮಾಷೆಗಲ್ಲ. ಆ ದೋಣಿಯ ಹೆಸರು ಪಾಂಟೂನ್. ಎರಡು ಉದ್ದನೆಯ ಅಲ್ಯೂಮಿನಿಯಂ ಕೊಳವೆ, ಅದರ ಮೇಲೆ ಚಪ್ಪಟೆ ಹಲಗೆ, ಸುತ್ತ ಕಟಕಟೆ, ಒಳಗೆ ಮನೆಯ ಹಾಲ್‌ನಲ್ಲಿರುವಂಥ ಬಿಳಿ ಸೋಫಾಗಳು. ಇದು ಹುಟ್ಟಿದ್ದೂ ಅದೇ ಸೀಮೆಯಲ್ಲಿ. 1951ರಲ್ಲಿ ರಿಚ್ಮಂಡ್ ಅನ್ನೋ ಊರಿನ ಹತ್ತಿರ ಆಂಬ್ರೋಸ್ ವೀರ್ಸ್ ಎಂಬ ರೈತ ಕಬ್ಬಿಣದ ಡ್ರಮ್ಮುಗಳನ್ನು ಎರಡು ಸಾಲಾಗಿ ಬೆಸೆದು, ಮೇಲೆ ಮರದ ಅಟ್ಟಣೆ ಕೂರಿಸಿ ನೀರಿಗೆ ಬಿಟ್ಟ. ಮಾಮೂಲಿ ದೋಣಿ ಓಲಾಡುತ್ತೆ, ಇದು ಓಲಾಡಲ್ಲ ಅನ್ನೋದು ಅವನ ಲೆಕ್ಕ. ಮುಂದಿನ ವರ್ಷದಿಂದ ಅದೇ ಅವನ ವ್ಯಾಪಾರವಾಯಿತು. ದೋಣಿ ಓಲಾಡದೆ ನಿಂತರೆ ಜನ ಅದರ ಮೇಲೆ ಬಿಡುಬೀಸಾಗಿ ಕೂರೋಕೆ ಶುರುಮಾಡ್ತಾರೆ. ಕೂರೋಕೆ ಸೀಟು ಬೇಕು. ಆ ಸೀಟು ಬಿಸಿಲು, ಮಳೆ, ಒದ್ದೆ ಚಡ್ಡಿ, ಮೀನಿನ ರಕ್ತ, ಬಿಯರ್ ಎಲ್ಲ ತಡೀಬೇಕು. ಅಂಥ ಸೀಟಿಗೆ ಬಟ್ಟೆಯೂ ಆಗಲ್ಲ, ಚರ್ಮವೂ ಆಗಲ್ಲ. ಅಲ್ಲಿಗೆ ಬಂದದ್ದು ವಿನೈಲ್. ನಮ್ಮ ಭಾಷೆಯಲ್ಲಿ ಹೇಳೋದಾದರೆ, ರೆಕ್ಸಿನ್.

ಚಳಿಗಾಲವಿಡೀ ಟಾರ್ಪಾಲಿನ್ ಕೆಳಗಿದ್ದ ಸೀಟುಗಳ ಮೇಲೆ ಬೂಷ್ಟು ಹಿಡಿದಿತ್ತು. ಮೇಷ್ಟ್ರು ಮಂಡಿನೋವಿನವರು. ನಾನೇ ತೊಳೀತೀನಿ ಬಿಡಿ ಸಾರ್ ಅಂದೆ. ಹಳ್ಳಿ ಹುಡುಗ ನೋಡಿ, ದೊಡ್ಡವರು ಕೆಲಸ ಮಾಡ್ತಾ ಇದ್ದರೆ ಸುಮ್ಮನೆ ಕೂರೋಕಾಗಲ್ಲ. ಅವರು ಪೇಟೆಗೆ ಹೋದರು. ನಾನು ಮೊದಲು ಬ್ಲೀಚ್ ಸುರಿದು ಬೂಷ್ಟು ತೆಗೆದೆ. ಆಮೇಲೆ ಅಂಗಡಿಯಲ್ಲಿ ಸಿಗುವ ಬಿಳಿ ಮ್ಯಾಜಿಕ್ ಸ್ಪಂಜಿನಲ್ಲಿ ಗಸಗಸ ಉಜ್ಜಿದೆ. ಚಪ್ಪಲಿ ತಾಗಿದ ಕಪ್ಪು ಗೀರುಗಳು ಹೋಗಲಿಲ್ಲ. ಗ್ಯಾರೇಜಿನ ಶೆಲ್ಫಿನಲ್ಲಿ ಪೇಂಟ್ ಥಿನ್ನರ್ ಡಬ್ಬ ಕಾಣಿಸಿತು. ಹಳೇ ಬನಿಯನ್ ಬಟ್ಟೆಗೆ ಹಾಕಿ ಒರೆಸಿದೆ. ಗೀರು ಮಾಯ! ಸೀಟು ಹೊಸದರ ಹಾಗೆ ಬೆಳ್ಳಗೆ. ಮೇಷ್ಟ್ರು ಬಂದು ನೋಡಿ ಖುಷಿಯಾಗಿ ರಾತ್ರಿ ಊಟಕ್ಕೆ ಕರೆದರು.

ಆಗಸ್ಟ್ ಹೊತ್ತಿಗೆ ಸೀಟು ಮುಟ್ಟಿದರೆ ಅಂಟೋಕೆ ಶುರುವಾಯಿತು. ಕೊಳೆ ಮೊದಲಿಗಿಂತ ಜಾಸ್ತಿ ಹಿಡೀತಿತ್ತು. ಮುಂದಿನ ಬೇಸಿಗೆಗೆ ಸೋಫಾದ ಅಂಚಿನಲ್ಲಿ ಸಣ್ಣ ಸಣ್ಣ ಬಿರುಕು, ಬೇಸಿಗೆ ಕೆರೆಯಂಗಳದ ಹಾಗೆ. ಈಗಿನ ಮಾಲೇ ಇಷ್ಟು ಅಂದರು ಮೇಷ್ಟ್ರು. ಸೀಟು ಮಾಡಿದವರಿಗೆ ದೂರು ಬರೀಬೇಕು ಅಂದರು. ಟೈಪ್ ಮಾಡಿಕೊಟ್ಟವನು ನಾನೇ. ಯಾವುದರಿಂದ ತೊಳೀತಿದ್ರಿ ಅಂತ ಅವರಿಂದ ತಿರುಗಿ ಪ್ರಶ್ನೆ ಬಂತು. ಮೇಷ್ಟ್ರು ನನ್ನ ಮುಖ ನೋಡಿದರು. ಸೋಪು ನೀರು ಅಂದೆ. ಅದನ್ನೂ ನಾನೇ ಟೈಪ್ ಮಾಡಿದೆ. ವಾರಂಟಿ ಮುಗಿದಿತ್ತು, ಅವರು ಒಪ್ಪಲಿಲ್ಲ. ಮೇಷ್ಟ್ರು ಪೆನ್ಶನ್ ದುಡ್ಡಿನಲ್ಲಿ ಹೊಸ ಕವರ್ ಹೊಲಿಸಿದರು.

ಆ ಸುಳ್ಳು ಕೊರೀತಾ ಇದ್ದಿದ್ದಕ್ಕೇ ನಾನು ಈ ವಿನೈಲ್ ಕಥೆ ಓದೋಕೆ ಕೂತಿದ್ದು. ನನ್ನ ತಪ್ಪು ಎಷ್ಟು, ಬಿಸಿಲಿನದ್ದೆಷ್ಟು ಅಂತ ಲೆಕ್ಕ ಹಾಕೋ ಆಸೆ. ಡೀಬಗ್ ಮಾಡೋ ಚಾಳಿ.

ಕಥೆ ಶುರುವಾಗೋದು ರೆಕ್ಸಿನ್ ಅನ್ನೋ ಪದದಿಂದಲೇ. ಬಸ್ಸಿನ ಸೀಟು, ಸ್ಕೂಟರ್ ಸೀಟು, ಎಲ್‌ಐಸಿ ಏಜೆಂಟರ ಬ್ಯಾಗು, ಮದುವೆ ಆಲ್ಬಮ್ಮಿನ ರಟ್ಟು ಎಲ್ಲಕ್ಕೂ ನಾವು ರೆಕ್ಸಿನ್ ಅಂತೀವಿ. ಅದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರ ಹೈಡ್ ಅನ್ನೋ ಊರಿನಲ್ಲಿದ್ದ ಒಂದು ಕಂಪನಿಯ ಹೆಸರು. (ಹೈಡ್ ಅಂದರೆ ಇಂಗ್ಲಿಷಿನಲ್ಲಿ ಚಕ್ಕಳ ಅಂತಲೂ ಅರ್ಥ. ಇಂಥ ಕಾಕತಾಳೀಯ ನಾನು ಕಟ್ಟಿದ್ದಲ್ಲ.) ಅವರು ಮಾಡ್ತಿದ್ದದ್ದು ಈಗಿನ ವಿನೈಲ್ ಅಲ್ಲ. ಹತ್ತಿಯನ್ನು ನೈಟ್ರಿಕ್ ಆಸಿಡ್ಡಿಗೆ ಹಾಕಿದರೆ ಬರುವ ನೈಟ್ರೋಸೆಲ್ಯುಲೋಸ್ ಎಂಬ ವಸ್ತುವನ್ನು ಕರಗಿಸಿ ಬಟ್ಟೆಯ ಮೇಲೆ ಬಳಿದು, ಅದರ ಮೇಲೆ ಚರ್ಮದ ಗೆರೆಗಳನ್ನು ಒತ್ತುತ್ತಿದ್ದರು. ಅದೇ ನೈಟ್ರೋಸೆಲ್ಯುಲೋಸ್ ಬಂದೂಕಿನ ಮದ್ದೂ ಹೌದು. ಅಮೆರಿಕದಲ್ಲಿ ಡುಪಾಂಟ್ ಎಂಬ ಮದ್ದಿನ ಕಂಪನಿ ತನ್ನ ಸರಕಿಗೆ ಬೇರೆ ದಾರಿ ಹುಡುಕುತ್ತಾ 1910ರಲ್ಲಿ ಕೃತಕ ಚರ್ಮ ಮಾಡುವ ಫ್ಯಾಬ್ರಿಕಾಯ್ಡ್ ಕಂಪನಿಯನ್ನು ಕೊಂಡುಕೊಂಡಿತು. ಕಾರು ಸೀಟಿನ ಮೇಲೆ ಕೂತವರು ಒಂದು ಲೆಕ್ಕದಲ್ಲಿ ಪಟಾಕಿಯ ಮೇಲೇ ಕೂತಿದ್ದರು.

ಮದ್ದಿನ ಹತ್ತಿ ಒಣಗಿದರೆ ಗಾಜಿನ ಹಾಗೆ ಪಟಪಟ ಒಡೆಯುತ್ತೆ. ಮೆತ್ತಗಿರಲಿ ಅಂತ ಅದಕ್ಕೆ ಬೆರೆಸುತ್ತಿದ್ದದ್ದು ಹರಳೆಣ್ಣೆ! ಅಜ್ಜಿ ನಮ್ಮ ನೆತ್ತಿಗೆ ತಟ್ಟುತ್ತಿದ್ದ ಅದೇ ಹರಳೆಣ್ಣೆ. ಅಂದರೆ ಈ ನಕಲಿ ಚರ್ಮದ ಒಳಗೆ ಮೊದಲಿನಿಂದಲೂ ಒಂದು ಎಣ್ಣೆ ಇದೆ. ಅದು ಇರುವಷ್ಟು ದಿನ ಚರ್ಮ, ಹೋದ ದಿನ ಹಪ್ಪಳ.

ವಿನೈಲ್ ಅಂದರೆ ಪಿವಿಸಿ. ನಮ್ಮ ಬೋರ್‌ವೆಲ್ ಪೈಪಿನದ್ದೇ ಪ್ಲಾಸ್ಟಿಕ್. ಅದನ್ನು 1872ರಲ್ಲಿ ಕಂಡವನು ಜರ್ಮನಿಯ ಆಯ್ಗೆನ್ ಬೌಮನ್. ವಿನೈಲ್ ಕ್ಲೋರೈಡ್ ತುಂಬಿದ ಗಾಜಿನ ಕೊಳವೆಯನ್ನು ಬಿಸಿಲಿಗೆ ಇಟ್ಟಿದ್ದ, ಒಳಗೆ ಬಿಳಿ ಗಟ್ಟಿ ಪದಾರ್ಥ ಕೂತಿತ್ತು. ಏನು ಮಾಡೋದು ಅಂತ ತಿಳಿಯಲಿಲ್ಲ. 1913ರಲ್ಲಿ ಫ್ರಿಟ್ಜ್ ಕ್ಲಾಟೆ ಪೇಟೆಂಟ್ ಪಡೆದದ್ದೂ ಬಿಸಿಲಿನಲ್ಲಿ ಅದನ್ನು ತಯಾರಿಸುವ ದಾರಿಗೆ. ಬಿಸಿಲಿನಲ್ಲಿ ಹುಟ್ಟಿದ ಈ ವಸ್ತುವನ್ನು ಕೊನೆಗೆ ಕೊಲ್ಲೋದೂ ಬಿಸಿಲೇ. ಅದಕ್ಕೆ ಆಮೇಲೆ ಬರ್ತೀನಿ.

ಅದು ಮೆತ್ತಗಾದದ್ದು 1926ರಲ್ಲಿ, ಓಹಾಯೋದ ಆಕ್ರನ್ ಊರಿನ ಬಿ.ಎಫ್. ಗುಡ್‌ರಿಚ್ ರಬ್ಬರ್ ಕಂಪನಿಯಲ್ಲಿ. ವಾಲ್ಡೋ ಸೀಮನ್ ಎಂಬ ಕೆಮಿಸ್ಟ್ ರಬ್ಬರನ್ನು ಲೋಹಕ್ಕೆ ಅಂಟಿಸುವ ಗೋಂದು ಹುಡುಕ್ತಿದ್ದ. ಪಿವಿಸಿಯನ್ನು ಬೇಗ ಆವಿಯಾಗದ ಒಂದು ದ್ರಾವಕದಲ್ಲಿ ಕಾಯಿಸಿ ಆರಿಸಿದ. ಗೋಂದು ಸಿಗಲಿಲ್ಲ, ಅದರ ಬದಲು ಚೆಂಡಿನ ಹಾಗೆ ಪುಟಿಯುವ ಮೆತ್ತನೆಯ ಮುದ್ದೆ ಸಿಕ್ಕಿತು. ಮೇಲಿನವರಿಗೆ ನಂಬಿಕೆ ಇಲ್ಲ. ಅದನ್ನು ಲೇಪಿಸಿದ ಪರದೆ ಬಟ್ಟೆಯನ್ನು ತಗೊಂಡು ಹೋಗಿ ಉಪಾಧ್ಯಕ್ಷರ ಮೇಜಿನ ಕಾಗದಗಳ ಮೇಲೆ ಹಾಸಿ, ಹೂಜಿಯ ನೀರು ಸುರಿದುಬಿಟ್ಟ ಅನ್ನೋದು ಪ್ರಸಿದ್ಧ ಕಥೆ. ಕಾಗದ ಒದ್ದೆಯಾಗಲಿಲ್ಲ, ಅವನ ಕೆಲಸವೂ ಉಳಿಯಿತು. ಪಿಪಿಟಿ ಇಲ್ಲದ ಕಾಲದ ಡೆಮೊ. ಸೀಮನ್ ನೂರು ವರ್ಷ ಬದುಕಿ 1999ರಲ್ಲಿ ತೀರಿಕೊಂಡ.

ಆ ದ್ರಾವಕ ಮಾಡಿದ್ದೇನು? ಒಬ್ಬಟ್ಟಿನ ಕಣಕ ನೆನಪು ಮಾಡ್ಕೊಳ್ಳಿ. ಬರೀ ನೀರಲ್ಲಿ ಕಲಸಿದ ಹಿಟ್ಟು ಎಳೆದರೆ ಹರಿಯುತ್ತೆ. ಅದೇ ಹಿಟ್ಟನ್ನು ಎಣ್ಣೆಯಲ್ಲಿ ಮುಳುಗಿಸಿಟ್ಟರೆ ಬಾಳೆಲೆಯಗಲ ತಟ್ಟಿದರೂ ಹರಿಯಲ್ಲ. ಆದರೆ ಕಣಕಕ್ಕೂ ಎಣ್ಣೆಗೂ ಮದುವೆ ಆಗಿರಲ್ಲ, ಒಟ್ಟಿಗೆ ಇರ್ತಾವೆ ಅಷ್ಟೆ. ಹೊತ್ತು ಹೋದಂತೆ ಎಣ್ಣೆ ತಟ್ಟೆಗೆ ಇಳಿಯುತ್ತೆ. ವಿನೈಲ್ ಕೂಡ ಹೀಗೇ. ಸೀಟಿನ ಮೆತ್ತನೆಯ ಪದರದ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಈ ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ದ್ರವ. ಪ್ಲಾಸ್ಟಿಕ್ಕಿಗೆ ರಾಸಾಯನಿಕವಾಗಿ ಅಂಟಿಕೊಂಡಿಲ್ಲ. ದಾರಿ ಸಿಕ್ಕರೆ ಹೊರಡುತ್ತೆ.

ಇದು ಹೊರಡುತ್ತೆ ಅಂತ ದೊಡ್ಡದಾಗಿ ಗೊತ್ತಾಗಿದ್ದು ದೋಣಿಯಿಂದಲ್ಲ, ರಕ್ತದಿಂದ. ಗಾಜಿನ ಬಾಟಲಿಯ ಜಾಗಕ್ಕೆ ಮೆತ್ತನೆಯ ಪಿವಿಸಿ ರಕ್ತದ ಚೀಲಗಳು ಬಂದಿದ್ದವು. 1970ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಯೇಗರ್ ಮತ್ತು ರೂಬಿನ್ ಅನ್ನುವ ಸಂಶೋಧಕರು ಚೀಲದ ಪ್ಲಾಸ್ಟಿಸೈಜರ್ ಒಳಗಿನ ರಕ್ತಕ್ಕೆ ಇಳಿಯುತ್ತಿದೆ ಅಂತ ತೋರಿಸಿದರು. ಜಿಡ್ಡಿನಂಶ ಇರುವ ಯಾವುದು ತಾಗಿದರೂ ಅದು ಆ ಕಡೆ ಸರಿಯುತ್ತೆ. ಎಣ್ಣೆಗೆ ಎಣ್ಣೆ ನೆಂಟ.

ಈಗ ನಮ್ಮೂರಿಗೆ ಬರ್ತೀನಿ. ಆಯುಧಪೂಜೆಯ ಬೆಳಿಗ್ಗೆ ಅಪ್ಪ ಸ್ಕೂಟರನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸ್ತಿದ್ದರು, ಸೀಟಿನ ಪಾಲಿಗೆ ಅಮ್ಮ. ತಿಪಟೂರು ಸೀಮೆ, ಕೊಬ್ಬರಿ ಎಣ್ಣೆಗೇನು ಬರ? ಅಂಗೈಗೆ ಸುರಿದುಕೊಂಡು ಮಕ್ಕಳ ತಲೆಗೆ ತಿಕ್ಕುವ ಹಾಗೇ ಸೀಟಿಗೆ ತಿಕ್ಕುತ್ತಿದ್ದರು. ಮಿರಮಿರ ಹೊಳೀತಿತ್ತು. ಎರಡೇ ದಿನಕ್ಕೆ ದಾರಿಯ ಧೂಳೆಲ್ಲ ಅಂಟಿ, ನನ್ನ ಯೂನಿಫಾರಂ ಚಡ್ಡಿಯ ಹಿಂದೆ ಎರಡು ಚಂದ್ರ. ಎರಡು ಮೂರು ವರ್ಷಕ್ಕೊಮ್ಮೆ ಸೀಟು ಬಿರಿಯೋದು, ಪೇಟೆಯಲ್ಲಿ ಸೀಟು ಹೊಲಿಯುವ ಅಣ್ಣನ ಹತ್ರ ಹೋಗೋದು. ಆತ ಪ್ರತಿ ಸಲ ಒಂದೇ ಮಾತು ಹೇಳ್ತಿದ್ದ: "ಎಣ್ಣೆ ಹಚ್ಬೇಡಿ ಯಜಮಾನ್ರೆ, ಸೋಪ್ ನೀರು ಸಾಕು." ಅಪ್ಪ ಹೊರಗೆ ಬಂದು, ಚರ್ಮಕ್ಕೆ ಎಣ್ಣೆ ಬೇಡ ಅಂತಾನಲ್ಲೋ, ಇವನಿಗೇನು ಗೊತ್ತು ಅನ್ನೋರು.

ಅಪ್ಪನ ಮಾತಿನಲ್ಲೇ ಇಡೀ ಚರಿತ್ರೆ ಇದೆ ಅಂತ ನನಗೆ ಈಗ ಅನ್ನಿಸುತ್ತೆ. ಎತ್ತಿನ ಕೊರಳಪಟ್ಟಿ, ಮೆಟ್ಟು, ನೀರೆತ್ತುವ ಕಪಿಲೆಯ ಚರ್ಮದ ಚೀಲ ಎಲ್ಲಕ್ಕೂ ಎಣ್ಣೆ ಕುಡಿಸಿ ಬದುಕಿದ ಮನೆತನ ನಮ್ಮದು. ಚರ್ಮಕ್ಕೆ ಎಣ್ಣೆ ಅನ್ನ. ಒಂದು ದಿನ ಪ್ಲಾಸ್ಟಿಕ್ಕು ಚರ್ಮದ ವೇಷ ಹಾಕ್ಕೊಂಡು ಮನೆಗೆ ಬಂತು. ಮೈಮೇಲೆ ಗೆರೆ, ಸಣ್ಣ ರಂಧ್ರದ ಗುರುತು, ಎಲ್ಲವೂ ಅಚ್ಚಿನಲ್ಲಿ ಒತ್ತಿದ್ದು. ನಾವು ಅದಕ್ಕೂ ಅನ್ನ ಹಾಕಿದೆವು. ಅದಕ್ಕದು ವಿಷ. ವೇಷ ಅಷ್ಟು ಚೆನ್ನಾಗಿದ್ದದ್ದಕ್ಕೇ ಅದು ಬೇಗ ಸತ್ತಿತು.

ಮಾರುವವರೂ ಈ ವೇಷವನ್ನೇ ಮಾರಿದರು. ಅಮೆರಿಕದ ಯುಎಸ್ ರಬ್ಬರ್ ಕಂಪನಿ ಕನೆಕ್ಟಿಕಟ್‌ನ ನಾಗಟಕ್ ಊರಿನ ಹೆಸರಿಗೆ ಚಕ್ಕಳ ಅನ್ನೋ ಅರ್ಥದ ಬಾಲ ಸೇರಿಸಿ ನಾಗಹೈಡ್ ಅಂತ ಹೆಸರಿಟ್ಟಿತು. 1960ರ ದಶಕದಲ್ಲಿ ಜಾಹೀರಾತಿಗಾಗಿ ನಾಗ ಅನ್ನೋ ಒಂದು ಪ್ರಾಣಿಯನ್ನೇ ಹುಟ್ಟಿಸಿದರು. ಹಲ್ಲು ಕಿಸಿಯುವ, ವಿಕಾರವಾದರೂ ಮುದ್ದಾದ ಗೊಂಬೆ. ಅದು ನೋವಿಲ್ಲದೆ ತಾನಾಗಿ ತೊಗಲು ಕಳಚಿಕೊಡುತ್ತೆ ಅನ್ನೋ ಕಟ್ಟುಕಥೆ. ನಾಗನ ಪೊರೆ! ಕನ್ನಡಿಗರಿಗೆ ಬಿಡಿಸಿ ಹೇಳೋದೇ ಬೇಡ.

ದೋಣಿಯ ಸೀಟಿನ ವಿನೈಲ್ ಅದೇ ವಂಶದ್ದಾದರೂ ಸ್ವಲ್ಪ ಗಟ್ಟಿ ಪಿಂಡ. ಅಡಿಯಲ್ಲಿ ಹೆಣೆದ ಬಟ್ಟೆ, ಅದರ ಮೇಲೆ ಪಿವಿಸಿ, ಪಿವಿಸಿಯೊಳಗೆ ಬಿಸಿಲು ತಡೆಯುವ ಮತ್ತು ಬೂಷ್ಟು ತಡೆಯುವ ಔಷಧಿ, ಎಲ್ಲಕ್ಕಿಂತ ಮೇಲೆ ಕೂದಲಿಗಿಂತ ತೆಳ್ಳನೆಯ ಒಂದು ಲೇಪ. ಆ ಲೇಪವೇ ಪ್ಲಾಸ್ಟಿಸೈಜರನ್ನು ಒಳಗೆ ಕೂಡಿಹಾಕುವ ಬಾಗಿಲು. ಬಿಸಿಲಿನ ಅತಿನೇರಳೆ ಕಿರಣ ಪಿವಿಸಿಯಿಂದ ಹೈಡ್ರೋಕ್ಲೋರಿಕ್ ಆಮ್ಲ ಬಿಡಿಸುತ್ತೆ, ಆ ಆಮ್ಲ ಮತ್ತಷ್ಟು ಬಿಡಿಸುತ್ತೆ, ಬಿಳಿ ಸೀಟು ಹಳದಿಯಾಗೋದು ಹೀಗೆ. ಬಾಗಿಲು ಗಟ್ಟಿಯಿದ್ದರೆ ಇದೆಲ್ಲ ನಿಧಾನ.

ನಾನು ಆ ಶನಿವಾರ ಮಾಡಿದ್ದು ಬಾಗಿಲು ಕಿತ್ತ ಕೆಲಸ. ಬ್ಲೀಚ್ ಹೊಲಿಗೆಯ ನೂಲಿಗೂ ಮೇಲಿನ ಲೇಪಕ್ಕೂ ಕೆಟ್ಟದ್ದು. ಮ್ಯಾಜಿಕ್ ಸ್ಪಂಜಿನಲ್ಲಿ ಮ್ಯಾಜಿಕ್ ಏನಿಲ್ಲ, ಅದು ಮೆಲಮೈನ್ ನೊರೆ, ಬಲು ಸಣ್ಣನೆಯ ಉಪ್ಪುಕಾಗದ. ಕೊಳೆಯ ಜೊತೆ ಲೇಪವನ್ನೂ ತೇಯುತ್ತೆ. ಥಿನ್ನರ್ ಅಂತೂ ಉಳಿದದ್ದನ್ನು ಕರಗಿಸಿ ಒಳಗಿನ ಎಣ್ಣೆಯನ್ನೂ ಹೀರಿಕೊಂಡು ಹೋಗುತ್ತೆ. ಆಗಸ್ಟಿನ ಅಂಟು ಅಂದರೆ ಒಳಗಿಂದ ಹೊರಬರ್ತಿದ್ದ ಪ್ಲಾಸ್ಟಿಸೈಜರ್. ಮುಂದಿನ ವರ್ಷದ ಬಿರುಕು ಅಂದರೆ ಅದು ಮುಗಿದ ಲಕ್ಷಣ.

ಮಾಡಬೇಕಾದದ್ದು ಎಷ್ಟು ಸಪ್ಪೆ ಅಂದರೆ ಹೇಳೋಕೆ ನಾಚಿಕೆಯಾಗುತ್ತೆ. ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯೋ ಸೋಪು, ಮೆತ್ತನೆಯ ಬ್ರಷ್ಷು. ಸೋಪು ಉಳಿಯದ ಹಾಗೆ ನೀರು ಹಾಯಿಸಿ, ಒಣಬಟ್ಟೆಯಲ್ಲಿ ಒರೆಸಿ, ಕುಶನ್ನುಗಳನ್ನು ಎತ್ತಿ ಗೋಡೆಗೆ ಒರಗಿಸಿ ಕೆಳಗೂ ಗಾಳಿಯಾಡಿಸಬೇಕು. ಬೂಷ್ಟು ವಿನೈಲನ್ನು ತಿಂದು ಬೆಳೆಯೋದಕ್ಕಿಂತ ಅದರ ಮೇಲೆ ಕೂತ ಬೆವರು, ಸನ್‌ಸ್ಕ್ರೀನ್ ಜಿಡ್ಡು, ಚಿಪ್ಸಿನ ಪುಡಿ ತಿಂದು ಬೆಳೆಯೋದೇ ಹೆಚ್ಚು. ಹಾಗಾಗಿ ದಿನಾ ಸಂಜೆ ಒಂದು ಸಲ ಒರೆಸಿದರೆ ವರ್ಷಕ್ಕೊಮ್ಮೆ ಯುದ್ಧ ಮಾಡೋದು ತಪ್ಪುತ್ತೆ. ಉಳಿದದ್ದು ಕವರ್ ಹಾಕೋದು, ಅದೂ ಸೀಟು ಒಣಗಿದ ಮೇಲೆ. ಒದ್ದೆಯಲ್ಲಿ ಮುಚ್ಚಿದರೆ ಬೂಷ್ಟಿಗೆ ಬಾಣಂತಿ ಕೋಣೆ ಮಾಡಿಕೊಟ್ಟ ಹಾಗೆ.

ಒಂದು ಕಲೆ ಮಾತ್ರ ಯಾವ ಸೋಪಿಗೂ ಜಗ್ಗಲ್ಲ: ಗುಲಾಬಿ ಕಲೆ. ಮಕ್ಕಳು ಜ್ಯೂಸ್ ಚೆಲ್ಲಿದರು ಅಂತ ಬೈಸಿಕೊಳ್ತಾರೆ ಪಾಪ. ಅದು ಸೀಟಿನ ಒಳಗೆ, ಒದ್ದೆ ಸ್ಪಂಜಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಯ ಬಣ್ಣ. ಆ ಬಣ್ಣ ಪ್ಲಾಸ್ಟಿಸೈಜರಿನಲ್ಲಿ ಕರಗುತ್ತೆ, ಹಾಗೇ ಕರಗುತ್ತಾ ಹಿಂದಿನಿಂದ ಮುಂದಕ್ಕೆ ಬರುತ್ತೆ. ಮೇಲಿಂದ ಎಷ್ಟು ಉಜ್ಜಿದರೂ ವ್ಯರ್ಥ. ಗೋಡೆಯೊಳಗೆ ಪೈಪ್ ಸೋರ್ತಿದ್ದರೆ ಮೇಲೆ ಸುಣ್ಣ ಹೊಡೆದು ಏನು ಪ್ರಯೋಜನ?

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಸೀಟು ಶಾಶ್ವತ ಅಲ್ಲ. ಚಂದ್ರನ ಮೇಲೆ ನಡೆದವರ ಅಂಗಿಯೊಳಗೆ ತಣ್ಣೀರು ಹರಿಯಲು ಸಣ್ಣ ಪಿವಿಸಿ ಕೊಳವೆಗಳಿದ್ದವು. ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿ ಅವೂ ಅಂಟಂಟು ಕಂದು ದ್ರವ ಬಿಟ್ಟು ಸುತ್ತಲಿನ ಬಟ್ಟೆಗೆ ಕಲೆ ಮಾಡಿದವು. ಅವನ್ನು ಯಾರೂ ಥಿನ್ನರಿನಲ್ಲಿ ಒರೆಸಿರಲಿಲ್ಲ. ಡೆನ್ಮಾರ್ಕಿನ ರಾಷ್ಟ್ರೀಯ ಮ್ಯೂಸಿಯಂನ ಇವಾನ್ ಶಶೂವಾ ಎಂಬಾಕೆ ಇದರ ಮೇಲೇ ಪಿಎಚ್‌ಡಿ ಮಾಡಿದ್ದಾರೆ. ಗಾಳಿಯಾಡುವ ಜಾಗಕ್ಕಿಂತ ಮುಚ್ಚಿದ ಗಾಜಿನೊಳಗೆ ಇಟ್ಟರೆ ಪ್ಲಾಸ್ಟಿಸೈಜರ್ ಹೋಗೋದು ನಿಧಾನವಾಗುತ್ತೆ ಅಂತ ಅವರ ಕೆಲಸ ಹೇಳುತ್ತೆ. ದೋಣಿಯನ್ನಂತೂ ಗಾಜಿನ ಪೆಟ್ಟಿಗೆಯಲ್ಲಿಡೋಕಾಗಲ್ಲ.

2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದು ಕೂತಿದ್ದಾಗ ಮೇಷ್ಟ್ರಿಗೆ ಮೇಲ್ ಬರೆದೆ. ಬ್ಲೀಚು, ಸ್ಪಂಜು, ಥಿನ್ನರ್, ಸುಳ್ಳು, ಎಲ್ಲ. ಸೀಟಿನ ದುಡ್ಡು ಕಳಿಸ್ತೀನಿ ಅಂತಲೂ ಬರೆದೆ. ನಾಲ್ಕು ದಿನ ಉತ್ತರ ಇಲ್ಲ. ಆ ನಾಲ್ಕು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ ಅಂದರೆ ನಂಬಿ.

ಐದನೇ ದಿನ ಬಂದ ಉತ್ತರದಲ್ಲಿ ಸುಳ್ಳು ಹೇಳಿದ್ದಕ್ಕೆ ಒಂದು ಸಾಲಿನ ಬೈಗುಳ ಇತ್ತು, ಮೇಷ್ಟ್ರ ಬೈಗುಳ. ದೂರಿನ ಮೇಲ್‌ನಲ್ಲಿ ತನ್ನ ಹೆಸರಿತ್ತು, ಅದು ಬೇಜಾರು ಅಂತ. ದುಡ್ಡಿನ ವಿಷಯ ಎತ್ತಲೇ ಇಲ್ಲ. ಉಳಿದದ್ದೆಲ್ಲ ಸೀಟಿನ ಬಗ್ಗೆ. ಏಳು ವರ್ಷ ತಾವು ಪ್ರತಿ ಭಾನುವಾರ ಆ ಸೀಟುಗಳಿಗೆ ಬೇಬಿ ಆಯಿಲ್ ಹಚ್ಚುತ್ತಿದ್ದರಂತೆ. ಅವರಪ್ಪ ಕುದುರೆಯ ಜೀನಿಗೆ, ಹಗ್ಗಪಟ್ಟಿಗೆ ಎಣ್ಣೆ ಕುಡಿಸುತ್ತಿದ್ದದ್ದನ್ನು ನೋಡಿ ಬೆಳೆದವರು. ಹಾಗಾದರೆ ನಾನು ಬರೋ ಹೊತ್ತಿಗೆ ಸೀಟು ಅರ್ಧ ಸತ್ತಿತ್ತಾ ಅಂತ ನನ್ನನ್ನೇ ಕೇಳಿದ್ದರು. ಸತ್ತಿತ್ತೋ ಏನೋ ಸಾರ್, ಆದರೆ ಥಿನ್ನರ್ ಹಾಕಿದ್ದು ನಾನು ಅಂತ ಬರೆದೆ.

ಕಳೆದ ಆಯುಧಪೂಜೆಗೆ ಊರಿಗೆ ಹೋಗಿದ್ದೆ. ಅಪ್ಪನ ಸ್ಕೂಟರ್ ಇನ್ನೂ ಇದೆ, ಸೀಟು ಎಷ್ಟನೆಯದೋ. ಅಮ್ಮ ಎಣ್ಣೆ ಗಿಂಡಿ ಹಿಡಿದು ಬಂದರು. ಬೇಡಮ್ಮ ಅಂತ ಇಷ್ಟೂ ಕಥೆ ಹೇಳಿದೆ. ಬೌಮನ್ನು, ಸೀಮನ್ನು, ಕಣಕ. ಕಣಕದ್ದು ಅವರಿಗೆ ಅರ್ಥವಾಯಿತು. ಹೌದಲ್ವಾ ಅಂತ ಗಿಂಡಿ ಕೆಳಗಿಟ್ಟು, ಸೋಪು ನೀರಲ್ಲಿ ಸೀಟು ಒರೆಸಿ, ಸೆರಗಲ್ಲಿ ಒಣಗಿಸಿದರು. ಅರಿಶಿನ ಕುಂಕುಮ ಇಟ್ಟರು. ಆಮೇಲೆ ನಾನು ನಿಂಬೆಹಣ್ಣು ತರೋಕೆ ಒಳಗೆ ಹೋಗಿ ಬರುವಷ್ಟರಲ್ಲಿ ಸೀಟಿನ ಮೂಲೆಯಲ್ಲಿ ಒಂದು ಬೊಟ್ಟು ಎಣ್ಣೆ ಮಿನುಗ್ತಿತ್ತು.

"ಹಬ್ಬ ಕಣೋ, ಒಂದೇ ಹನಿ" ಅಂದರು.